ಆರನೆಯ ಬೆರಳಿನ ತಕರಾರು

ಮಾರ್ಚ್ 4, ರಾತ್ರಿ 11
ಮತ್ತೆ ಎಡಿಟಿಂಗ್. ಬೀಗ ರಿಪೇರಿ ಅಕ್ಕನ ಬಗೆಗಿನ ಸಾಕ್ಷ್ಯಚಿತ್ರ ಐವತ್ತೆರಡು ನಿಮಿಷದಿಂದ ನಲವತ್ತಕ್ಕೆ ಇಳಿಯಿತು. ನನ್ನ ತೂಕ ಇಳಿದಿಲ್ಲ. ಮೂವತ್ತೊಂದನೆಯ ನಿಮಿಷ ಮಾತ್ರ ಮುಟ್ಟಲಿಲ್ಲ. ಅಲ್ಲಿ ಅಕ್ಕ ಮೊದಲ ಸಲ ಎಡಗೈಯನ್ನು ಜೇಬಿನಿಂದ ಹೊರಗೆ ತೆಗೆಯುತ್ತಾರೆ. ಹೆಬ್ಬೆರಳ ಪಕ್ಕ ಪುಟ್ಟದೊಂದು ಆರನೆಯ ಬೆರಳು. ಅದನ್ನು ಬೀಗಕ್ಕೆ ತಾಗಿಸಿಟ್ಟು ಒಳಗಿನ ಸ್ಪ್ರಿಂಗಿನ ಅಲುಗಾಟ ಹಿಡಿಯುತ್ತಾರೆ. ಶೂಟಿಂಗಿನ ಇಪ್ಪತ್ತು ದಿನ ಅಡಗಿಸಿಟ್ಟಿದ್ದರು. ಇಪ್ಪತ್ತೊಂದನೆಯ ದಿನ ತಾವಾಗಿಯೇ ಹೇಳಿದರು: "ನನಗಿಂತ ಜಾಸ್ತಿ ದುಡಿದಿರೋದು ಇದೇ ಕಣಪ್ಪ. ಇದನ್ನ ಬಿಟ್ಟು ನನ್ನ ಕತೆ ಎಂಥದ್ದು?"
ಸಂಜೆ ಚಿತ್ರೋತ್ಸವಕ್ಕೆ ಕಳಿಸಿದೆ. ಕಳಿಸಿ, ಬೆರಳು ಕಚ್ಚುತ್ತ ಕೂತೆ — ನನ್ನದು.

ಮಾರ್ಚ್ 19
ಚಿತ್ರೋತ್ಸವದಿಂದ ಪತ್ರ ಬಂತು. "31ನೇ ನಿಮಿಷದಲ್ಲಿ ಎಐ ತಯಾರಿಸಿದ ದೃಶ್ಯವಿರುವ ಶಂಕೆ." ಪತ್ತೆ ಹಚ್ಚುವ ಸಾಫ್ಟ್‌ವೇರ್ ಪ್ರಕಾರ ಶೇಕಡಾ ತೊಂಬತ್ತನಾಲ್ಕು ನಕಲಿ. ಇಪ್ಪತ್ತೈದನೇ ತಾರೀಖಿನೊಳಗೆ ಸರಿಪಡಿಸದಿದ್ದರೆ ಚಿತ್ರ ಹೊರಗೆ.
ಫೋನ್ ಮಾಡಿದೆ. ತಾಂತ್ರಿಕ ಅಧಿಕಾರಿ ಬಹಳ ಸೌಮ್ಯ ಮನುಷ್ಯ. ಬೆರಳು ಎಣಿಸಿ ನೋಡಿದ್ದೀರಾ, ಎಐ ಇಲ್ಲೇ ಎಡವುವುದು ಎಂದು ನನಗೇ ಪಾಠ ಹೇಳಿದರು. ಹುಟ್ಟಿನಿಂದ ಆರೇ ಇವೆ ಎಂದೆ. ಆಮೇಲೆ ದಾರಿ ತೋರಿಸಿದರು.
"ಒಂದು ತೆಗೆದುಬಿಡಿ ಸಾರ್. ಎಐನಲ್ಲೇ ಆಗತ್ತೆ. ಎರಡು ನಿಮಿಷದ ಕೆಲಸ."
ಅಳಿಸಿದರೆ ಅಸಲಿ, ಉಳಿಸಿದರೆ ನಕಲಿ. ಪ್ರಾಸ ತಾನಾಗಿ ಕೂತಿತು. ನಾನೇ ಕೂರಲಾಗದೆ ಎದ್ದು ಓಡಾಡಿದೆ.

ಮಾರ್ಚ್ 20
ಸುಮ್ಮನೆ... ನೋಡೋಣ ಅಂತ. ಅಳಿಸಿದೆ. ಬೀಗ ಐದು ಬೆರಳಲ್ಲೂ ತೆರೆದುಕೊಂಡಿತು. ಸಾಫ್ಟ್‌ವೇರ್ ಹೇಳಿತು — ಶೇಕಡಾ ತೊಂಬತ್ತೊಂಬತ್ತು ಅಪ್ಪಟ. ಹೆಂಡತಿ ಕಾಫಿ ಇಡಲು ಬಂದವಳು ಪರದೆ ನೋಡಿ, ಇದು ಯಾರ ಕೈ ಎಂದು ಕೇಳಿದಳು. ಪರದೆ ಆರಿಸಿದೆ. ಫೈಲನ್ನು ಮಾತ್ರ ಅಳಿಸಲಿಲ್ಲ. ಎರಡು ವರ್ಷದ ಕೆಲಸ, ಆಸೆ ಬಿಡುತ್ತದೆಯೇ.

ಮಾರ್ಚ್ 22, ಮಧ್ಯಾಹ್ನ
ಬಾಯಿಪಾಠ ಮಾಡಿಕೊಂಡ ಮಾತು ಅಕ್ಕನ ಅಂಗಡಿ ಮೆಟ್ಟಿಲಲ್ಲೇ ಮರೆತುಹೋಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಭಯ ಒಂದೇ — ಆ ಕೈ ಮತ್ತೆ ಜೇಬು ಸೇರಿದರೆ? ಐದು ಬೆರಳಿನ ದೃಶ್ಯವನ್ನು ಅಕ್ಕ ಎರಡು ಸಲ ನೋಡಿದರು. ಕೀಲಿಯನ್ನು ಅರದಿಂದ ಉಜ್ಜುವುದು ನಿಲ್ಲಿಸಿದರು. ನಗು ಶುರುವಾಯಿತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು.
"ಅರವತ್ತು ವರ್ಷ ಮುಚ್ಚಿಟ್ಟೆ, ಯಾರೂ ಸುಳ್ಳು ಅನ್ನಲಿಲ್ಲ. ತೆರೆದು ತೋರಿಸಿದ ದಿನ ಸುಳ್ಳಾದೆ ನೋಡು." ಷಟರ್ ಅರ್ಧ ಎಳೆದರು. "ನಡಿ ತಮ್ಮ, ಆ ಆಫೀಸು ಎಲ್ಲಿದೆ?"
ಭಾನುವಾರ, ಮುಚ್ಚಿರುತ್ತದೆ ಎಂದೆ. ಪೂರ್ತಿ ಎಳೆಯುವ ಮೊದಲೇ ಷಟರ್ ಮೇಲೆ ಹೋಯಿತು.

ಮಾರ್ಚ್ 23
ಅಧಿಕಾರಿಯ ಮೇಜಿನ ಮೇಲೆ ಅಕ್ಕನ ಎಡಗೈ. ಅವರು ಎಣಿಸಿದರು. ಕನ್ನಡಕ ಹಾಕಿಕೊಂಡು ಮತ್ತೆ ಎಣಿಸಿದರು. ಮುಟ್ಟಬಹುದೇ ಎಂದು ಕೇಳಿದರು.
"ಮುಟ್ಟಿದರೆ ಏನು ಗೊತ್ತಾಗತ್ತೆ? ಕೆಲಸ ಕೊಡಿ."
ಕೀಲಿ ಕಳೆದು ಮೂರು ವರ್ಷದಿಂದ ಮುಚ್ಚಿಯೇ ಇದ್ದ ಕಬ್ಬಿಣದ ಬೀರು ತೋರಿಸಿದರು. ಒಂದು ತಂತಿ, ಆ ಪುಟ್ಟ ಬೆರಳು, ನಾಲ್ಕು ನಿಮಿಷ. ಒಳಗೆ ಅಧಿಕಾರಿಯವರ ಕೊಡೆ ಇತ್ತು.
ಖುಷಿಯಾಗಿ ಅಕ್ಕನ ಜೊತೆ ಸೆಲ್ಫಿ ತೆಗೆದುಕೊಂಡು, ದಾಖಲೆಗಿರಲಿ ಎಂದು ಅದನ್ನೂ ಸಾಫ್ಟ್‌ವೇರಿಗೆ ಹಾಕಿದರು. ಅಕ್ಕ ಶೇಕಡಾ ತೊಂಬತ್ತೆರಡು ನಕಲಿ. ಅಧಿಕಾರಿ ಎಪ್ಪತ್ತೊಂದು. ಅವರು ಬಹಳ ಹೊತ್ತು ಪರದೆ ನೋಡಿದರು. "ನನ್ನ ಹೆಂಡತಿಗೆ ಹೇಳಬೇಡಿ" ಎಂದರು. ಆಮೇಲೆ ಪೆನ್ನು ತೆಗೆದು ವರದಿಯ ಷರಾ ಜಾಗದಲ್ಲಿ ಕೈಯಾರೆ ಬರೆದರು: "ಬೆರಳು ಆರು. ಖುದ್ದು ಎಣಿಸಿದ್ದೇನೆ."
ಸಹಿ. ಮೊಹರು.
ಮನೆಗೆ ಬಂದು ಐದು ಬೆರಳಿನ ಫೈಲು ಅಳಿಸಿದೆ.

ಏಪ್ರಿಲ್ 12, ಸಂಜೆ 6.40, ಥಿಯೇಟರಿನ ಹೊರಗೆ
ಮುಗಿಯಿತು. ಚಪ್ಪಾಳೆ ಚೆನ್ನಾಗಿತ್ತು, ಎಸಿ ಚೆನ್ನಾಗಿರಲಿಲ್ಲ. ಎಐ ಬಗ್ಗೆ ಏನನ್ನಿಸುತ್ತದೆ ಎಂದು ಯಾರೋ ಅಕ್ಕನನ್ನು ಕೇಳಿದರು.
"ಪಾಪ, ಅದು ಎಷ್ಟು ಜನರನ್ನ ನೋಡಿದೆ? ಅಂಗಡಿಗೆ ಕರ್ಕೊಂಡು ಬನ್ನಿ, ಕೂತು ನೋಡಲಿ."
ಈಗ ಕೈಕುಲುಕಲು ಸಾಲು ನಿಂತಿದೆ. ಎಲ್ಲರಿಗೂ ಎಡಗೈಯೇ. ಅಧಿಕಾರಿಯೂ ಸಾಲಿನಲ್ಲಿದ್ದಾರೆ, ಕೊಡೆ ಸಮೇತ. ಅಕ್ಕ ನನ್ನನ್ನು ಕರೆಯುತ್ತಿದ್ದಾರೆ, ಕೈ ಮೇಲೆತ್ತಿ, ಆರೂ ಬೆರಳು ಬಿಚ್ಚಿ. ಬಂದೆ ಅಕ್ಕ, ಇದೊಂದು ಸಾಲು ಬರೆದು