ಪೆಟ್ಟಿಗೆಯೊಳಗೊಂದು ಹಿಡಿ ಕೊಸರು

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆಯಿಂದ ದಿವ್ಯ ಮುಖ ಊದಿಸಿಕೊಂಡಿದ್ದಳು. ನಾನು ಮಾಡಿದ ಸಂಡಿಗೆಯನ್ನು ಫೋನಿನಲ್ಲಿ ಮಾರುತ್ತೇನೆಂದು ಹೊರಟ ಮೊಮ್ಮಗಳು. ವಾರವೆಲ್ಲ ಎರಡು ಆನ್‌ಲೈನ್ ಅಂಗಡಿಗಳನ್ನು ಹೋಲಿಸುತ್ತಾ ಕೂತಿದ್ದಳು. ಒಂದು ಕಮಿಷನ್ ಜಾಸ್ತಿ ಮುರಿಯುತ್ತದಂತೆ, ಇನ್ನೊಂದು ನಿಧಾನವಂತೆ.

"ಎರಡ್ರಲ್ಲಿ ಕೊಸರು ಯಾರು ಕೊಡ್ತಾರವ್ವ?" ಅಂದಿದ್ದೆ.

"ಎರಡು ತಕಂಡ್ರೆ ಒಂದು ಫ್ರೀ ಅಂತ ಐತೆ ನೋಡಜ್ಜಿ."

"ಅದು ಕೊಸರಲ್ಲ ಕಣವ್ವ, ಗಾಳಕ್ಕೆ ಸಿಕ್ಸಿದ ಎರೆಹುಳ."

ಕೊಸರೆಂದರೆ ಅಳೆದ ಮೇಲೆ, ಕೇಳುವ ಮೊದಲೇ ಹಾಕುವ ಹಿಡಿ. ಪಾಂಡವಪುರದ ಸಂತೆಯಲ್ಲಿ ನಲವತ್ತು ವರ್ಷ ಹಾಗೇ ಮಾರಿದ್ದೇನೆ. ಅದಕ್ಕೇ ನಿನ್ನೆ ಅವಳು ತೂಗಿಟ್ಟ ಮೊದಲ ಹತ್ತು ಪೆಟ್ಟಿಗೆಗೂ ಒಂದೊಂದು ಹಿಡಿ ಸೇರಿಸಿದೆ. ಇವತ್ತು ಕೊರಿಯರಿನವನು ಅರ್ಧ ಕೆಜಿ ದಾಟಿದೆ, ದುಪ್ಪಟ್ಟು ಕೊಡಿ ಎಂದು ಅಷ್ಟನ್ನೂ ವಾಪಸು ಇಟ್ಟುಹೋದ.

"ಸುರೂನಲ್ಲೇ ಮಣ್ಣಾಕ್ಬುಟ್ಟಲ್ಲಜ್ಜಿ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

"ಚೀಟೀಲಿ ಬರ್ಯೋ ತೂಕ ಕಮ್ಮಿ ಮಾಡು, ಬೆಲೆನೂ ಅಂಗೇ ಇಳ್ಸು. ಅರ್ಧ ಕೇಜಿ ತುಂಬೋಕೆ ಮಿಕ್ಕ ಜಾಗ ನನ್ ಕೊಸರಿಗೆ."

ಬಿ.ಕಾಂ. ಓದಿದವಳು ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ನಕ್ಕಳು.

ಸಂಜೆ ಕೂತು ಮತ್ತೆ ತುಂಬಿದೆವು. ಕೊಸರನ್ನು ಅವಳೇ ಹಾಕಿದಳು. ಅದೆಂಥ ಹಿಡಿ, ಗುಬ್ಬಚ್ಚಿಯದು, ನಾಲ್ಕು ಸಂಡಿಗೆ ನಿಲ್ಲುವುದಿಲ್ಲ. ಹತ್ತನ್ನೂ ಬಿಚ್ಚಿಸಿ ನನ್ನ ಹಿಡಿಯಲ್ಲೇ ಹಾಕಿದೆ.

"ಇನ್ಮೇಲೆ ಕೊಸರಿನ ಕೆಲ್ಸ ನಿಂದೇ ಕಣಜ್ಜಿ, ನನ್ ಕೈಲಾಗಕಿಲ್ಲ" ಅಂದಳು.

ಎಪ್ಪತ್ತೆರಡಕ್ಕೆ ನನಗೂ ಒಂದು ಕೆಲಸ ಸಿಕ್ಕಿತು. ಬೆಳಿಗ್ಗೆ ಮಂಡಿಗೆ ಎಣ್ಣೆ ಹಚ್ಚುವುದನ್ನು ಪೆಟ್ಟಿಗೆ ತುಂಬಿದ ಮೇಲೆ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಸಂಡಿಗೆಗೆಲ್ಲ ಜಿಡ್ಡು ಹತ್ತುತ್ತದೆ.