ಕೋಪಿಷ್ಠನ ಬಿಪಿ

ಭಾನುವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನ ತಮ್ಮನಿಗೆ, ಅಕ್ಕನ ಆಶೀರ್ವಾದ.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಪತ್ರ. ಹರಿದು ಹಾಕುವುದಿದ್ದರೆ ಪೂರ್ತಿ ಓದಿ ಹರಿ.

ಹೋದ ತಿಂಗಳು ನಮ್ಮ ಹೊಲಿಗೆ ಕಾರ್ಖಾನೆಗೆ ಡಾಕ್ಟರಮ್ಮ ಬಂದು ಎಲ್ಲರ ಬಿಪಿ ನೋಡಿದರು. ತೋಳಿಗೆ ಪಟ್ಟಿ ಸುತ್ತುವಾಗ ನನಗೆ ನಗು. ನನಗೆಲ್ಲಿಯ ಬಿಪಿ, ಅದೆಲ್ಲ ನನ್ನ ತಮ್ಮನ ಪಾಲಿಗೆ ಹೋಗಿದೆ ಎಂದೆ. ಮಾತಾಡಿದರೆ ಅಂಕಿ ತಪ್ಪು ಬರುತ್ತದೆ, ಸುಮ್ಮನಿರಿ ಎಂದು ಗದರಿದರು. ಬಂದದ್ದು ಮೇಲೆ ನೂರ ಎಪ್ಪತ್ತು, ಕೆಳಗೆ ನೂರ ನಾಲ್ಕು. ಯಂತ್ರ ಕೆಟ್ಟಿರಬೇಕು ಎಂದೆ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿದರು. ಒಂದೇ ಸಲಕ್ಕೆ ತೀರ್ಮಾನ ಮಾಡಬಾರದೆಂದು ಬೇರೆ ದಿನಗಳಲ್ಲೂ ಕರೆಸಿ ನೋಡಿದರು. ಅದು ಇಳಿಯಲೇ ಇಲ್ಲ.

ಮೇಲಿನ ಅಂಕಿ ಹೃದಯ ರಕ್ತವನ್ನು ನೂಕುವಾಗಿನ ಒತ್ತಡವಂತೆ, ಕೆಳಗಿನದು ಎರಡು ಬಡಿತಗಳ ನಡುವೆ ಅದು ಸುಧಾರಿಸಿಕೊಳ್ಳುವಾಗಿನದು. ಹೀಗೇ ಬಿಟ್ಟರೆ ಮೆದುಳು, ಮೂತ್ರಪಿಂಡ, ಕಣ್ಣು ಯಾವುದಕ್ಕೂ ಉಳಿಗಾಲವಿಲ್ಲವಂತೆ. ನನಗೋ ತಲೆನೋವೂ ಇಲ್ಲ, ತಲೆಸುತ್ತೂ ಇಲ್ಲ. ನನಗೆ ಕೋಪವೇ ಬರುವುದಿಲ್ಲವಲ್ಲ ಡಾಕ್ಟರೇ ಎಂದೆ. ಕೋಪ ಬಂದಾಗ ಯಾರಿಗಾದರೂ ಒಂದಿಷ್ಟು ಹೊತ್ತು ಏರಿ ಇಳಿಯುತ್ತದೆ, ಕಾಯಿಲೆ ಇದ್ದವರಿಗೆ ತಣ್ಣಗೆ ಕೂತಿದ್ದರೂ ಏರಿಯೇ ಇರುತ್ತದೆ, ಮುಖ ನೋಡಿ ಹೇಳುವುದಲ್ಲ, ಅಳೆದೇ ತಿಳಿಯಬೇಕು ಎಂದರು.

ನಿನ್ನದನ್ನು ನಾವು ಯಾವತ್ತಾದರೂ ಅಳೆಸಿದ್ದೆವಾ? ನಿನ್ನ ಮುಖ ಕೆಂಪಗಾದರೆ ಸಾಕು, ಇವನಿಗೆ ಬಿಪಿ ಏರಿತು ಎಂದು ಮನೆಮಂದಿಯೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದೆವು. ಅಮ್ಮ ಆಸ್ಪತ್ರೆಯಲ್ಲಿ ಕೊನೆ ದಿನಗಳನ್ನು ಎಣಿಸುತ್ತಿದ್ದಾಗಲೂ ಬರೀ ಜ್ವರ ಎಂದು ನಿನಗೆ ಹೇಳಿದ್ದು ಅದಕ್ಕೇ. ನೀನು ಬಂದಾಗ ಮಂಚ ಖಾಲಿಯಾಗಿತ್ತು. ಅವತ್ತು ನೀನು ಕೂಗಾಡಲಿಲ್ಲ. ಒಂದು ಮಾತೂ ಆಡದೆ ಹೊರಟುಹೋದೆ.

ಮೊನ್ನೆ ನನ್ನ ಮಾತ್ರೆಗೆಂದು ಔಷಧಿ ಅಂಗಡಿಗೆ ಹೋದಾಗ ನಿನ್ನ ಹೆಂಡತಿ ಸಿಕ್ಕಿದಳು. ನೀನು ಬಿಪಿಗೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀಯ ಎಂದು ಕೇಳಿದೆ. ಅವಳು ನಕ್ಕಳು. ನೀನು ರಕ್ತ ಕೊಡಲು ಹೋದಾಗೆಲ್ಲ ಬಿಪಿ ನೋಡುತ್ತಾರಂತೆ, ಒಂದು ಸಲವೂ ಹೆಚ್ಚಿರಲಿಲ್ಲವಂತೆ. ಅಂಗಡಿಯವನ ಎದುರೇ ಅತ್ತುಬಿಟ್ಟೆ ಕಣೋ. ಇಲ್ಲದ ಕಾಯಿಲೆಗೆ ಹೆದರಿ ನಿನಗೆ ಅಮ್ಮನ ಮುಖ ತಪ್ಪಿಸಿದೆವು. ನನ್ನ ಕೂಗುಮಾರಿ ಎಲ್ಲಿ ಎಂದು ಅಮ್ಮ ಕೇಳುತ್ತಲೇ ಇದ್ದಳು. ನಾಳೆ ಬರುತ್ತಾನೆ ಎಂದು ನಾನು ಹೇಳುತ್ತಲೇ ಇದ್ದೆ.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಒಂದು ಸಲ ಬಾ. ಹೊಟ್ಟೆ ತುಂಬ ಬೈದು ಹೋಗು.

ಇಂತಿ,
ನಿನ್ನ ಮಾತಿಗೆ ಕಾಯುತ್ತಿರುವ
ಅಕ್ಕ

ತಾ.ಕ.: ಅಂಕಿ ಸರಿಹೋಯಿತೆಂದು ನನ್ನಷ್ಟಕ್ಕೆ ನಾನೇ ಮಾತ್ರೆ ಬಿಡಬಾರದಂತೆ, ಮನೆಯವರಿಗೂ ತಿಳಿಸಿರಬೇಕಂತೆ. ನಿನ್ನ ಭಾವನಿಗೆ ಇನ್ನೂ ಹೇಳಿಲ್ಲ. ಪಾಪ, ಗಾಬರಿಯಾಗುತ್ತಾರೆ ಎಂದು ಮಾತ್ರೆಗಳನ್ನು ಗುಂಡಿಗಳ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಇಷ್ಟೆಲ್ಲ ಆದಮೇಲೂ ನನ್ನ ಬುದ್ಧಿ ನೋಡು. ನೀನೇ ಬಂದು ಅವರಿಗೆ ಹೇಳಿಬಿಡೋ, ನನ್ನ ಕೈಲಿ ಆಗುತ್ತಿಲ್ಲ.