ಕೆಟ್ಟಿದ್ದು ಕಣ್ಣಲ್ಲ, ಟಿವಿ

ಅಪ್ಪಾ,

ನಿದ್ದೆ ಕೆಡಿಸದೆ ಕೆಲಸಕ್ಕೆ ಹೊರಟೆ.

"ಟಿವಿಯಲ್ಲಿ ಎಲ್ಲರ ಮುಖವೂ ನೀಲಿ ಕಾಣ್ತಿದೆ ಮಗಳೇ, ಇನ್ನು ನೂಲಿನ ಬಣ್ಣ ಹೇಗೆ ಹೊಂದಿಸಲಿ" ಅಂತ ಹೊಲಿಗೆ ಬಿಟ್ಟು ಕೂತೆಯಲ್ಲ. ನಿನ್ನೆ ಡಾಕ್ಟರು "ಕಣ್ಣು ಚೆನ್ನಾಗೇ ಇದೆ" ಅಂದರೂ ನೀನು ನಂಬಲಿಲ್ಲ. ನನಗಂತೂ ಹೋದ ಜೀವ ಬಂದಂತಾಯಿತು.

ಬೆಳಿಗ್ಗೆ ಹೊಸ ಟಿವಿ ನೋಡಿದೆ. ಅಂಗಡಿಯಲ್ಲಿ ಕಣ್ಣು ಕುಕ್ಕಲೆಂದು ಇಟ್ಟಿದ್ದ ಸೆಟ್ಟಿಂಗು ಹಾಗೇ ಉಳಿದಿತ್ತು. ಅದನ್ನು ‘ಸಿನಿಮಾ’ ಸೆಟ್ಟಿಂಗಿಗೆ ಬದಲಿಸಿ, ಬಣ್ಣ ತಗ್ಗಿಸಿದ್ದೇನೆ. ಮೊದಮೊದಲು ಹಳದಿ ಅನ್ನಿಸೀತು, ತಾಳಿಕೋ. ಬಿಸಿಲು ಬಿದ್ದರೆ ಕಿಟಕಿಯ ಪರದೆ ಎಳೆ. ದಯವಿಟ್ಟು ರಿಮೋಟಿನ ಮೇಲೆ ಕೈಚಳಕ ತೋರಿಸಬೇಡ.

ವಾರ್ತೆ ಓದುವವಳಿಗೆ ಮನುಷ್ಯರ ಬಣ್ಣ ಬಂದಿದೆ. ಕಣ್ಣಾರೆ ನೋಡು, ಆಮೇಲೆ ನಂಬು.

ಮಷೀನಿನ ಹೊದಿಕೆ ತೆಗೆದು, ಸೂಜಿಗೆ ದಾರ ಪೋಣಿಸಿಟ್ಟಿದ್ದೇನೆ.